ದಂಡು ದಾಟಿದ ವರ್ಷ

ಮೊನ್ನೆ ಕಾಗವಾಡದ ರಸ್ತೆಯಲ್ಲಿ ಡಾಂಬರು ಕಾಯಿಸುತ್ತಿದ್ದರು. ಬಸ್ಸಿನೊಳಗೆ ವಾಸನೆ ನುಗ್ಗಿದಾಗ ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಕೃಷ್ಣೆಯ ದಡದಲ್ಲಿ ಮಗುಚಿ ಹಾಕಿದ್ದ ಒಂದು ದೋಣಿ ಕಂಡಿತು, ಅದರ ತಳಕ್ಕೆ ಡಾಂಬರು ಬಳಿಯುತ್ತಿದ್ದ ನಮ್ಮ ಇತಿಹಾಸದ ಸರ್ ಕಂಡರು. ಬಳಿಯುತ್ತಿದ್ದವರು ಅವರೋ, ಅವರ ಅಣ್ಣನೋ... ಎಲ್ಲವನ್ನೂ ಸಂಶಯಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಈಗ ಆ ಸಂಶಯ ನನ್ನ ನೆನಪನ್ನೂ ಬಿಡುತ್ತಿಲ್ಲ.

ಅವರು ಚಿಕ್ಕೋಡಿಯ ಕಾಲೇಜಿನಲ್ಲಿ ನಮಗೆ ಪಾಠ ಹೇಳುತ್ತಿದ್ದರು. ಪಠ್ಯದಲ್ಲಿ ಇಡೀ ಭಾರತವಿತ್ತು. ಅವರ ತಲೆಯಲ್ಲಿ ಮಾತ್ರ ಹದಿನೆಂಟನೆಯ ಶತಮಾನದ ಕೊಲ್ಹಾಪುರ ರಾಜ್ಯದ ಒಂದೇ ವರ್ಷ: ಪುಣೆಯ ದಂಡು ಈ ಸೀಮೆಯ ಮೇಲೆ ದಾಳಿಗೆ ಇಳಿದ ವರ್ಷ. ಆ ವರ್ಷ ಮಳೆ ಯಾವಾಗ ಬಂತು, ಯಾರು ಬಿತ್ತಿದರು, ದಂಡಿನ ಎತ್ತುಗಳು ಯಾರ ಹೊಲ ಮೇಯ್ದವು... ರಾಜನ ಹೆಸರು ಕೇಳಿದರೆ ಹೇಳುತ್ತಿದ್ದರು, ಅಷ್ಟೇನೂ ಉತ್ಸಾಹವಿಲ್ಲದೆ.

ಅವರದು ಅಥಣಿ ಕಡೆಯ ಹೊಳೆದಂಡೆಯ ಊರು, ಅಂಬಿಗರ ಮನೆತನ. ಆ ವರ್ಷ ಈ ಮನೆತನದ ಪೂರ್ವಜನೊಬ್ಬ ದೋಣಿಗಳನ್ನೆಲ್ಲ ಸುಟ್ಟು ದಂಡನ್ನು ತಡೆದನೆಂದು ಊರು ನಂಬಿತ್ತು. ಅವನ ಹೆಸರಿನಲ್ಲಿ ಕಲ್ಲು ನಿಲ್ಲಿಸಲು ಕಟ್ಟೆ ಕಟ್ಟಿ, ಕೆತ್ತಿಸುವ ಮಾತು ಬರೆದುಕೊಡಲು ಸರ್‌ಗೇ ಹೇಳಿದರು. ಮುಂದೆ ನಿಂತವರು ಅವರ ಅಣ್ಣ. ಆ ಮಾತಿಗಾಗಿ ಸರ್ ಊರಿಗೆ ಹೋದ ದಿನ ನಾನೂ ಜೊತೆಗಿದ್ದೆ.

ಆ ಮನೆಯಲ್ಲೊಂದು ಪದ್ಧತಿಯಿತ್ತು. ಮಳೆಗಾಲದ ಹೊಸ ನೀರಿಗೆ ದೋಣಿ ಇಳಿಸುವ ದಿನ ಒಂದು ತೆಂಗಿನಕಾಯಿ ಹೊಳೆಗೆ. ಇನ್ನೊಂದನ್ನು ರಾಯಬಾಗದ ಕಡೆಯ ಆಚೆ ದಡಕ್ಕೆ ಒಯ್ದು ಒಡೆಯುತ್ತಿದ್ದರು. ಅದಕ್ಕೆ 'ದಂಡಿನ ಕಾಯಿ' ಎನ್ನುತ್ತಿದ್ದರು.

"ಅಣ್ಣಾ, ಅಜ್ಜ ದಂಡು ತಡದಿದ್ರ ಆಚೀ ದಡದಾಗ ದಂಡಿನ ಕಾಯಿ ಯಾಕ ಒಡೀತೀವಿ?" ಎಂದರು ಸರ್. "ದಂಡಿನವರು ಅಲ್ಲಿ ಇಳದಾರ. ಇಳಿಸಿದವರು ನಾವ."

ಅಣ್ಣನ ಮುಖ ಕೆಂಪಾಯಿತು. "ನಾಕ ಪುಸ್ತಕ ಓದಿ ಅಜ್ಜನ್ನ ಹಮಾಲ ಮಾಡಿದಿ ಅಲ್ಲಲೇ!"

"ಹಮಾಲ ಯಾಕಣ್ಣಾ? ತುಂಬಿದ ಹೊಳ್ಯಾಗ ಅಷ್ಟು ಮಂದೀನ ದಾಟಿಸಿದಾಂವ ಸಣ್ಣಾಂವೇನು?"

"ನಾವು ಹೇಳಿದಂಗ ಬರಿ. ಇಲ್ಲಂದ್ರ ನನ್ನ ಹೊಸ್ತಿಲಾ ತುಳೀಬ್ಯಾಡ."

ಸರ್ ಬರೆಯಲಿಲ್ಲ. ಆ ಹೊಸ್ತಿಲನ್ನು ಮತ್ತೆ ತುಳಿಯಲೂ ಇಲ್ಲ.

ಆದರೆ ಪ್ರತಿವರ್ಷ ದೋಣಿ ಇಳಿಸುವ ದಿನ ರಾಯಬಾಗದ ಕಡೆಯಿಂದ ಸುತ್ತಿ ಬಂದು ಆಚೆ ದಡದಲ್ಲಿ ನಿಲ್ಲುತ್ತಿದ್ದರು. ಅಣ್ಣ ದೋಣಿಯಲ್ಲಿ ಬಂದು, ಮಾತಾಡದೆ ಕಾಯಿ ಒಡೆದು, ಒಂದು ಹೋಳನ್ನು ಅಲ್ಲಿದ್ದ ಬಂಡೆಯ ಮೇಲಿಟ್ಟು ಹೋಗುತ್ತಿದ್ದರಂತೆ. ಅದನ್ನು ಕಣ್ಣಾರೆ ಕಂಡೆನೋ, ಸರ್ ಹೇಳಿದ್ದನ್ನೇ ಕಂಡೆನೆಂದುಕೊಂಡೆನೋ... ಖಾತ್ರಿಯಿಲ್ಲ. ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ, ಅದು ಖಾತ್ರಿ. ಸ್ವಂತ ಮನೆತನದ ಹೆಮ್ಮೆಯನ್ನೇ ಹೀಗೆ ಪ್ರಶ್ನಿಸಿದವರನ್ನು ನಾನು ಓದಿದ ವಿಶ್ವವಿದ್ಯಾಲಯದಲ್ಲೂ ಕಾಣಲಿಲ್ಲ.

ಕಳೆದ ವರ್ಷ ಸರ್ ತೀರಿಕೊಂಡರು. ಮೊನ್ನೆ ಬಸ್ಸಿಳಿದವನು ನೇರ ಆ ಊರಿಗೆ ಹೋದೆ. ಕಟ್ಟೆ ಇನ್ನೂ ಬರಿದಾಗಿತ್ತು. ಮುದುಕರಾದ ಅಣ್ಣ ಅದರ ಮೇಲೇ ಕುಳಿತಿದ್ದರು.

"ಕಲ್ಲು ಹಾಕಲಿಲ್ಲೇನ್ರಿ?" ಎಂದೆ.

"ಬರಕೊಡ್ತೀವಂತ ಮಂದಿ ಭಾಳ ಬಂದ್ರಿ. ನಾನ ಬ್ಯಾಡಂದೆ. ನನ್ನ ತಮ್ಮ ಬರೀಲಾರದ ಕಲ್ಲು ಯಾಕ ಬೇಕ್ರಿ?" ಸರಿದು ಕಟ್ಟೆಯ ಮೇಲೆ ನನಗೆ ಜಾಗ ಮಾಡಿದರು. "ಈಗ ನೀವ ಬರೀರಿ. ಅಂವ ಹೇಳಿದಂಗ."

ಅಲ್ಲೇ ಕುಳಿತು ಬರೆದೆ: ಆ ವರ್ಷ ಈ ಊರಿನ ಅಂಬಿಗರು ತುಂಬಿದ ಹೊಳೆಯಲ್ಲಿ ದಂಡನ್ನು ದಾಟಿಸಿದರು. 'ತುಂಬಿದ' ಎಂಬಲ್ಲಿ ಪೆನ್ನು ನಿಂತಿತು. ಹಾಗೆಂದು ಸರ್ ಖಚಿತವಾಗಿ ತಿಳಿದಿದ್ದರೇ, ಅಣ್ಣನನ್ನು ಒಲಿಸಲು ಆ ದಿನ ಹೇಳಿದ ಮಾತೇ... ಕೇಳಲು ಅವರಿಲ್ಲ. ಅಣ್ಣ ಕಾಯುತ್ತಿದ್ದರು. ಆ ಪದವನ್ನು ಹೊಡೆದುಹಾಕಿ, ಹಾಳೆಯನ್ನು ಅವರ ಕೈಗೆ ಕೊಟ್ಟೆ.