ಹೊಸ ಸರ್ವರ್ ಒಳಬಿಡದ ಲೋಕಪ್ಪ

ಶಿಕಾರಿಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾಹಿದಾ, ತಗಡಿನ ಕೆಲಸದ ಉಸ್ಮಾನ್ ಸಾಬರ ಮಗಳು. ಅವಳಿಗೆ ಈ ಕಸುಬು ಕಲಿಸಿದವರು ಅದೇ ಆಸ್ಪತ್ರೆಯ ಸೊರಬ ಶಾಖೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಲೋಕಪ್ಪ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಹೃದಯಾಘಾತ ಎಂದೇ ಎಲ್ಲರೂ ನಂಬಿದ್ದರು.

ಈ ವರ್ಷ ೨೦೧೨ರ ಸರ್ವರ್ ತೆಗೆದು ೨೦೨೫ರದ್ದನ್ನು ಹಾಕಿಸಿದರು. ಹಳೆಯ ಫೈಲುಗಳನ್ನೆಲ್ಲ ನಾಹಿದಾಳೇ ಸಾಗಿಸಿದಳು. ಹಳೇ ಪದ್ಧತಿಯಲ್ಲಿ ಪಾಸ್‌ವರ್ಡ್ ಕೊಟ್ಟವರನ್ನೂ ಹಳೆಯ ಸರ್ವರ್ ಸುಮ್ಮನೆ ಒಳಬಿಡುತ್ತಿತ್ತು. ಹೊಸದು ಅಂಥವರನ್ನು ತಡೆದು ನಿಲ್ಲಿಸಿ, ಹೆಸರು ಬರೆದಿಡುತ್ತದೆ. ಮೂರನೇ ದಿನ ಅವಳು ಆ ಪಟ್ಟಿ ತೆರೆದಳು. ಮೂರೂ ದಿನ ಮಧ್ಯಾಹ್ನ, ಒಂದೇ ಹೊತ್ತಿಗೆ, ಸೊರಬದಿಂದ ಲೋಕಪ್ಪ ಒಳಬರಲು ನೋಡಿದ್ದರು.

ಮರುದಿನವೇ ಬಸ್ಸು ಹತ್ತಿದಳು. ಸೊರಬದ ನರ್ಸ್ ಸಂಗೀತ ಸಾಮಾನಿನ ಕೋಣೆ ತೆಗೆದಳು. ರಟ್ಟಿನ ಡಬ್ಬಗಳ ಹಿಂದೆ ಲೋಕಪ್ಪನವರ ಹಳೇ ಕಂಪ್ಯೂಟರ್ ಗುಂಯ್‌ಗುಡುತ್ತಿತ್ತು.

"ಇದನ್ನ ಆರಿಸೋಕೆ ಯಾರಿಗೂ ಮನಸ್ಸಾಗ್ಲಿಲ್ಲ ಕಣ್ರೀ," ಎಂದಳು ಸಂಗೀತ.

ದಿನಾ ಮಧ್ಯಾಹ್ನ ಎಕ್ಸ್‌ರೇಗಳು ತಾವಾಗಿಯೇ ಶಿಕಾರಿಪುರಕ್ಕೆ ಹೋಗುವಂತೆ ಲೋಕಪ್ಪನವರು ತಮ್ಮ ಹೆಸರಿನಲ್ಲಿ ಮಾಡಿಟ್ಟ ಏರ್ಪಾಡು ಇನ್ನೂ ನಡೆಯುತ್ತಿತ್ತು. ನಾಹಿದಾ ನಿಟ್ಟುಸಿರಿಟ್ಟು ಕೊನೆಯ ಫೈಲುಗಳತ್ತ ಕಣ್ಣು ಹಾಯಿಸಿದಳು. ಒಂದರ ಮೇಲೆ 'ಲೋಕಪ್ಪ, ೫೨, ಎದೆ' ಎಂದಿತ್ತು. ತಾರೀಖು, ಸಾಯುವುದಕ್ಕೆ ಮೂರು ವಾರ ಮುಂಚಿನದು. ನೋಡಿ ಹೇಳಿ ಎಂದು ಡಾಕ್ಟರಿಗೆ ಚೀಟಿ ಬರೆದಿರಲಿಲ್ಲ, ಹಾಗಾಗಿ ಯಾವ ಡಾಕ್ಟರೂ ನೋಡಿರಲಿಲ್ಲ. ಎರಡು ವರ್ಷ ಅದು ನಾಹಿದಾಳ ಸರ್ವರಿನಲ್ಲೇ ಇತ್ತು. ಮೊನ್ನೆ ಅವಳೇ ಅದನ್ನು ಎತ್ತಿ ಹೊಸದಕ್ಕೆ ಹಾಕಿದ್ದಳು.

ಅವಳು ಫೋನಿನಲ್ಲಿ ಕಳಿಸಿದ ಚಿತ್ರ ನೋಡಿ ಶಿಕಾರಿಪುರದ ಡಾಕ್ಟರು, "ಎದೆಯ ದೊಡ್ಡ ರಕ್ತನಾಳ ಊದಿದೆ, ಅದೇ ಒಡೆದಿರಬೇಕು. ಆಗಲೇ ನೋಡಿದ್ದರೆ..." ಎಂದು ನಿಲ್ಲಿಸಿದರು.

ಮನೆಯವರಿಗೆ ಹೇಳದೆ ನಾಹಿದಾ ಊರಿಗೆ ಹೋಗಿಬಿಡಬಹುದಿತ್ತು. ಹೋಗಲಾಗಲಿಲ್ಲ. ಫಿಲಂ ತೆಗೆಸಿಕೊಂಡು ಲೋಕಪ್ಪನವರ ಹೆಂಡತಿ ಗುತ್ಯಮ್ಮನ ಮನೆಗೆ ನಡೆದಳು.

ಗುತ್ಯಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಅವ್ರಿಗೆ ಗೊತ್ತಿತ್ತೇನವ್ವಾ?"

"ಇಪ್ಪತ್ತು ವರ್ಷ ಇದನ್ನೇ ನೋಡಿದೋರು. ಗೊತ್ತಾಗಿರುತ್ತಮ್ಮ."

"ಅದ್ಕೇ ಆ ಮೂರು ವಾರ ಮನೆಗೆ ಬೇಗ ಬರ್ತಿದ್ರು. ಯಾಕ್ರೀ ಅಂದ್ರೆ, ಕೆಲ್ಸ ಕಮ್ಮಿ ಅಂತಿದ್ರು." ಗುತ್ಯಮ್ಮ ಫಿಲಂ ಇಳಿಸಲಿಲ್ಲ. "ನಿಂಗಾದ್ರೂ ಹೇಳಿದ್ರಾ?"

"ಕಳಿಸಿದ್ರಮ್ಮ," ಎಂದಳು ನಾಹಿದಾ. "ನಾನು ತೆಗೆದು ನೋಡ್ಲಿಲ್ಲ."