ಇಲ್ಲಿ ಹೆಂಡತಿ, ಅಲ್ಲಿ ಅಲ್ಲ

ಆರ್.ಟಿ. ನಗರದ ಫಾಯಿಜಾಳ ನಿಕಾಹ್ ನಡೆದದ್ದು ಎರಡು ಸಾವಿರದ ಇಪ್ಪತ್ತೊಂದರ ಜೂನ್‌ನಲ್ಲಿ, ಅವಳ ಮನೆಯ ಹಾಲ್‌ನಲ್ಲೇ. ಹೆಬ್ಬಾಳದ ಹತ್ತಿರ ಗೊತ್ತು ಮಾಡಿದ್ದ ಶಾದಿ ಮಹಲ್‌ಗೆ ಲಾಕ್‌ಡೌನಿನಿಂದ ಬೀಗ ಬಿದ್ದಿತ್ತು. ಗಂಡು ಸಾಕಿಬ್ ಕೆನಡಾದ ಎಡ್ಮಂಟನ್‌ನಲ್ಲಿದ್ದ. ಅಲ್ಲೊಂದು ಮಾಂಸದ ಕಾರ್ಖಾನೆಯಲ್ಲಿ ಶೈತ್ಯಾಗಾರದ ಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಮೇ ತಿಂಗಳಿಗೆ ಟಿಕೆಟ್ ತೆಗೆಸಿದ್ದನಾದರೂ ವಿಮಾನಗಳೇ ನಿಂತುಹೋದವು. ಹೇಗೋ ಸುತ್ತಿಬಳಸಿ ಬಂದರೂ ವಾಪಸು ಹೋಗಲಾಗುತ್ತದೆಯೆಂಬ ಭರವಸೆ ಇರಲಿಲ್ಲ.

ಮುಂದೂಡಬಹುದಿತ್ತು. ಮುಂದೂಡೋಣ ಅಂತಲೇ ಫಾಯಿಜಾ ಹೇಳಿದ್ದಳು. ಆದರೆ ಅವಳ ತಂದೆ ಜಾಫರ್, ಟಿ. ದಾಸರಹಳ್ಳಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಗಟ್ಟಿ ಆಳು, ಆ ಏಪ್ರಿಲ್‌ನಲ್ಲಿ ಕೋವಿಡ್ ಆಗಿ ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದು ಮನೆಗೆ ಬಂದಿದ್ದರು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದರು. ಅವರದು ಒಂದೇ ಹಟ. "ನನ್ನ ಕಣ್ಣೆದುರು ಆಗಲಿ. ಉಳಿದದ್ದೆಲ್ಲಾ ಆಮೇಲೆ ನೋಡಿಕೊಳ್ಳಿ."

ಮೊಹಲ್ಲಾದ ಖಾಜಿಯನ್ನು ಕೇಳಿದರು. ಗಂಡಿನ ಪರವಾಗಿ ಒಬ್ಬ ಪ್ರತಿನಿಧಿ ಕೂತು, ಇಬ್ಬರು ಸಾಕ್ಷಿಗಳು ಎದುರಿಗಿದ್ದರೆ ಆಗುತ್ತದೆ ಎಂದರು. ಸಾಕಿಬ್‌ನ ಅಣ್ಣ ರಿಯಾಜ್ ಪ್ರತಿನಿಧಿಯಾಗಿ ಕೂತ. ಫಾಯಿಜಾಳ ಕಾಲೇಜಿನ ದಪ್ಪ ಪುಸ್ತಕಗಳನ್ನು ಪೇರಿಸಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಇಲ್ಲಿ ಸಂಜೆಯ ಮಗ್ರಿಬ್ ನಮಾಜು ಮುಗಿದಿತ್ತು, ಅಲ್ಲಿ ಬೆಳಗಿನ ಎಂಟು ಗಂಟೆ. ಶೇರ್ವಾನಿ ತೊಟ್ಟ ಸಾಕಿಬ್ ಎರಡನೇ ಸಲ ಕಬೂಲ್ ಅನ್ನುವಾಗ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಟ್ಟ. ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಖಾಜಿ ಮತ್ತೆ ಹೇಳಿಸಿದರು. ಆಮೇಲೆ ನಿಕಾಹ್‌ನಾಮೆಯಲ್ಲಿ ದುಂಡಗಿನ ಅಕ್ಷರದಲ್ಲಿ ಪ್ರಾಮಾಣಿಕವಾಗಿ ಬರೆದರು: ವರ ಕೆನಡಾದಿಂದ ವಿಡಿಯೊ ಮೂಲಕ ಹಾಜರು, ಪ್ರತಿನಿಧಿ ರಿಯಾಜ್.

ಜಾಫರ್ ನಿಧಾನವಾಗಿ ಚೇತರಿಸಿಕೊಂಡರು. ಮುಂದಿನ ಫೆಬ್ರವರಿಯಲ್ಲಿ ಸಾಕಿಬ್ ಬಂದ. ಗಂಡಿನ ಮನೆಯವರ ವಲೀಮಾ ಊಟ ಅದ್ದೂರಿಯಾಗಿಯೇ ಆಯಿತು. ಇಪ್ಪತ್ತನಾಲ್ಕು ದಿನ ಇಬ್ಬರೂ ಸಂಸಾರ ಮಾಡಿದರು. ಫಾಯಿಜಾ ಸ್ಕೂಟರ್ ಓಡಿಸುತ್ತಿದ್ದಳು, ಅವನು ಹಿಂದೆ ಕೂರುತ್ತಿದ್ದ. ತಾನು ಕಣ್ಣಿನ ಪರೀಕ್ಷೆಯ ಕೋರ್ಸ್ ಓದಿದ ಸೋಲದೇವನಹಳ್ಳಿಯ ಕಾಲೇಜನ್ನು ತೋರಿಸಿದಳು, ಅಲ್ಲಿಂದ ಮುಂದೆ ಹೆಸರಘಟ್ಟದವರೆಗೆ ಹೋಗಿ ಬಿಸಿ ಜೋಳ ತಿಂದು ಬಂದರು. ಅವನು ಹೊರಡುವ ಮುಂಚೆ ಹೆಬ್ಬಾಳದ ಒಬ್ಬ ವೀಸಾ ಏಜೆಂಟನ ಕೈಗೆ ಫಾಯಿಜಾಳನ್ನು ಕೆನಡಾಕ್ಕೆ ಕರೆಸಿಕೊಳ್ಳುವ ಅರ್ಜಿಯ ಕಾಗದಗಳನ್ನು ಕೊಟ್ಟರು. ಫಾಯಿಜಾಳೇ ಕೇಳಿದಳು, "ನಿಕಾಹ್ ವಿಡಿಯೊದಲ್ಲಿ ಆಗಿದ್ದು. ಏನೂ ತೊಂದ್ರೆ ಇಲ್ಲ ತಾನೆ?"

"ಕೋವಿಡ್ ಟೈಮ್ ಮದ್ವೆ ಅಲ್ವಾ ಮೇಡಂ, ಅವ್ರಿಗೂ ಗೊತ್ತಿರತ್ತೆ. ಟೆನ್ಷನ್ ತಗೋಬೇಡಿ," ಎಂದ ಅವನು.

ಟೆನ್ಷನ್ ತೆಗೆದುಕೊಳ್ಳದೆ ಹದಿನಾಲ್ಕು ತಿಂಗಳು ಕಾದಳು. ಅಷ್ಟರಲ್ಲಿ ಸಾಕಿಬ್‌ಗೆ ಆ ದೇಶದ ಪೌರತ್ವ ಸಿಕ್ಕಿತು. ನವೆಂಬರಿನಲ್ಲಿ ಮಗಳು ರೂಬಿ ಹುಟ್ಟಿದಳು. ಮಗುವನ್ನು ತಾಯಿ ಕನೀಜ್ ಕೈಗಿಟ್ಟು ಫಾಯಿಜಾ ಸಹಕಾರನಗರದ ಕನ್ನಡಕದ ಅಂಗಡಿಗೆ ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ಅಂಗಡಿಯೊಡತಿ ಶಶಿರೇಖಾ ಅವಳನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ಮುದುಕರು "ಎರಡೂ ಒಂದೇ ಥರ ಕಾಣ್ತವೆ ಕಣಮ್ಮ" ಅಂತ ಹತ್ತು ಸಲ ಅಂದರೂ ಹನ್ನೊಂದನೇ ಸಲ ಮಸೂರ ಬದಲಿಸುವ ತಾಳ್ಮೆ ಆ ಅಂಗಡಿಯಲ್ಲಿ ಅವಳಿಗೊಬ್ಬಳಿಗೇ ಇತ್ತು.

ಇಪ್ಪತ್ಮೂರರ ಜೂನ್‌ನಲ್ಲಿ ಪತ್ರ ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತು ಮೊಬೈಲಿನಲ್ಲಿ ಓದಿದಳು. ಮದುವೆಯ ವಿಧಿ ನಡೆಯುವಾಗ ವಧೂವರರಿಬ್ಬರೂ ಖುದ್ದಾಗಿ ಒಂದೇ ಕಡೆ ಹಾಜರಿರಲಿಲ್ಲವಾದ್ದರಿಂದ ಇವರನ್ನು ಸಂಗಾತಿಯ ವರ್ಗದಲ್ಲಿ ಪರಿಗಣಿಸಲಾಗುವುದಿಲ್ಲ. ಅರ್ಜಿ ತಿರಸ್ಕೃತವಾಗಿದೆ.

ಮೂರು ಸಲ ಓದಿದಳು. ಸಂಬಂಧ ಸುಳ್ಳು ಎಂದು ಅವರು ಹೇಳಿರಲಿಲ್ಲ. ಫೋಟೊಗಳನ್ನು, ಮಗುವನ್ನು, ದಿನಕ್ಕೆರಡು ಸಲದ ಕರೆಗಳನ್ನು ಯಾವುದನ್ನೂ ಅನುಮಾನಿಸಿರಲಿಲ್ಲ. ನೋಡಿದ್ದು ಖಾಜಿ ಬರೆದ ಆ ಒಂದು ಸಾಲನ್ನು ಮಾತ್ರ.

ಏಜೆಂಟನಿಗೆ ಫೋನ್ ಮಾಡಿದಳು.

"ರೂಲ್ ಹಂಗಿದೆ ಅಂತ ನಂಗೂ ಈಗ್ಲೇ ಗೊತ್ತಾಗಿದ್ದು ಮೇಡಂ."

"ಯಾವಾಗಿಂದ ಇದೆ ಈ ರೂಲು?"

"ಎರಡ್ಸಾವಿರದ ಹದಿನೈದರಿಂದ."

"ಎಂಟು ವರ್ಷ ಆಯ್ತಲ್ರೀ! ಇದನ್ನ ತಿಳ್ಕೊಳ್ಳೋದೇ ತಾನೆ ನಿಮ್ ಕೆಲ್ಸ?" ಎಂದು ಅವಳು ಕೂಗಿದ್ದು ಮುಂದಿನ ಕೋಣೆಗೂ ಕೇಳಿಸಿತು. ಏನಾಯಿತೋ ಎಂದು ಶಶಿರೇಖಾ ಓಡಿಬಂದಳು.

ಆಮೇಲೆ ಫಾಯಿಜಾ ತಾನೇ ಕೂತು ಎಲ್ಲವನ್ನೂ ಓದಿದಳು. ಬಲವಂತದ ಮದುವೆಗಳನ್ನು ತಡೆಯುವುದಕ್ಕೆ ಮಾಡಿದ ನಿಯಮವಂತೆ. ಫೋನಿನಲ್ಲಾಗಲಿ, ಇಂಟರ್ನೆಟ್ಟಿನಲ್ಲಾಗಲಿ, ಪ್ರತಿನಿಧಿಯ ಮೂಲಕವಾಗಲಿ ಆದ ಮದುವೆ ಅಲ್ಲಿ ಗಂಡ ಹೆಂಡತಿಯನ್ನು ಕರೆಸಿಕೊಳ್ಳುವುದಕ್ಕೆ ನಡೆಯುವುದಿಲ್ಲ. ಆಮೇಲೆ ಇಬ್ಬರೂ ಕೂಡಿ ಬಾಳಿದರೂ ಅಷ್ಟೇ. ನೆಂಟರ ಪೈಕಿ ಒಬ್ಬಳು ಬಂದು, "ನನ್ನ ನಾದಿನಿಯದೂ ವಿಡಿಯೊ ನಿಕಾಹೇ, ಷಿಕಾಗೊಗೆ ಹೋಗಿ ಮೂರು ವರ್ಷ ಆಯ್ತು. ನೀವೇ ಏನೋ ತಪ್ಪು ಬರೆದಿದ್ದೀರಿ," ಎಂದು ಹೇಳಿ ಹೋದಳು. ಅಮೆರಿಕದ ಕಾನೂನು ಬೇರೆ, ಅಂಥ ನಿಕಾಹ್ ಆದಮೇಲೆ ಗಂಡ ಹೆಂಡತಿ ಸೇರಿ ಸಂಸಾರ ಮಾಡಿದ್ದರೆ ಅವರು ಒಪ್ಪುತ್ತಾರೆ ಎಂದು ಫಾಯಿಜಾ ವಿವರಿಸಿದಳು. ಆ ಹೆಂಗಸು ನಂಬಲಿಲ್ಲ. ಒಬ್ಬರಿಗೆ ಸರಿಯಾದ ಮದುವೆ ಇನ್ನೊಬ್ಬರಿಗೆ ಹೇಗೆ ತಪ್ಪಾಗುತ್ತದೆ ಎಂದು ಕೇಳಿದಳು.

ಎರಡು ತಿಂಗಳ ನಂತರ, ಸಾಕಿಬ್ ಅರ್ಜಿ ಹಾಕಿದ್ದ ರೂಬಿಯ ಪೌರತ್ವದ ಪ್ರಮಾಣಪತ್ರ ಕೆನಡಾದಿಂದ ಬಂತು. ತಂದೆ ಆ ದೇಶದ ಪೌರನಾದ ಮೇಲೆ ಹುಟ್ಟಿದ ಮಗು, ಆದ್ದರಿಂದ ಅವಳೂ ಆ ದೇಶದವಳು. ಸಾಕಿಬ್ ಅವಳ ತಂದೆಯೆಂದು ಒಪ್ಪಲು ಅವರಿಗೆ ಯಾವ ತಕರಾರೂ ಇರಲಿಲ್ಲ. ಹಲ್ಲು ಬರುತ್ತಿದ್ದ ಮಗು ಅದರ ಮೂಲೆಯನ್ನು ಬಾಯಿಗಿಡಲು ಹೋದಾಗ ಫಾಯಿಜಾ ಕಿತ್ತುಕೊಂಡಳು. ಕಿತ್ತುಕೊಂಡ ರಭಸಕ್ಕೆ ಮಗು ಅತ್ತಿತು, ಅವಳೂ ಅತ್ತಳು. "ಹೆತ್ತವಳು ನಾನು, ಅಮ್ಮಿ. ಇವಳು ಅವರ ಮಗಳಂತೆ, ನಾನು ಅವರಿಗೆ ಯಾರೂ ಅಲ್ಲವಂತೆ," ಎಂದಳು. ಕನೀಜ್ ಪ್ರಮಾಣಪತ್ರವನ್ನು ಬೀರುವಿನೊಳಗಿಟ್ಟಳು.

ಇಬ್ಬರೂ ಎದುರುಬದುರು ಕೂತು ಮತ್ತೆ ಮದುವೆಯಾಗುವುದೊಂದೇ ದಾರಿ ಎಂದು ಸಾಕಿಬ್ ಅಲ್ಲಿಯ ವಕೀಲರನ್ನು ಕೇಳಿ ಹೇಳಿದ. ಅವನಿಗೆ ಜನವರಿಯಲ್ಲಿ ಮೂರು ವಾರ ರಜೆ ಇತ್ತು. ಸರ್ಕಾರಿ ಮದುವೆಯೇ ಗಟ್ಟಿ ಎಂದುಕೊಂಡು ಫಾಯಿಜಾ ನೋಂದಣಿ ಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತ ಸಿದ್ದಲಿಂಗ ಗದಗಿನ ಕಡೆಯವನು, ಮೆತ್ತಗೆ ಮಾತಾಡುವ ಮನುಷ್ಯ. ಕಾಗದಗಳನ್ನು ಪೂರ್ತಿ ಓದಿ ತಲೆ ಕೆರೆದುಕೊಂಡ.

"ನಿಮ್ದು ಆಗ್ಲೇ ಲಗ್ನ ಆಗೇತಲ್ರೀ, ತಂಗಿ."

"ಅವ್ರು ಆಗಿಲ್ಲ ಅಂತಾರೆ ಸಾರ್."

"ಅವ್ರಂದ್ರ ಏನಾತು? ನಮ್ಮ ಲೆಕ್ಕಕ್ಕ ನೀವು ಗಂಡ ಹೆಂಡ್ತಿ. ಕೂಸು ಬ್ಯಾರೆ ಐತಿ. ಹೊಸಾ ಲಗ್ನಕ್ಕ ನೋಟಿಸು ಕೊಡ್ಬೇಕಂದ್ರ ಅವಿವಾಹಿತೆ ಅಂತ ಬರೀಬೇಕಾಕ್ಕೈತಿ. ಅದು ಸುಳ್ಳಾಕ್ಕೈತಿ. ಆಗಿದ್ದ ಲಗ್ನಾನ ರಜಿಸ್ಟರ್ ಮಾಡಿ ಕೊಡ್ತೇನಿ ಬೇಕಾದ್ರ."

"ಅದ್ರಲ್ಲಿ ಯಾವ ತಾರೀಖು ಬರತ್ತೆ?"

"ಆಗಿದ್ದು ಯಾವಾಗೋ ಅದಽ. ಇಪ್ಪತ್ತೊಂದನೇ ಇಸ್ವಿ."

ಆ ತಾರೀಖೇ ಬೇಡವಾಗಿತ್ತು. ಅಲ್ಲದೆ ನೋಟಿಸು ಕೊಟ್ಟರೂ ಮೂವತ್ತು ದಿನ ಕಾಯಬೇಕು, ಸಾಕಿಬ್ ಇರುವುದು ಇಪ್ಪತ್ತೊಂದು ದಿನ. ಸಿದ್ದಲಿಂಗ ಕಾಗದಗಳನ್ನು ಅಂಚು ಸರಿಮಾಡಿ ವಾಪಸು ಕೊಟ್ಟ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಅವನು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಆ ದೇಶದವರು ಹೇಳಿದ್ದೂ ಅವರ ಪುಸ್ತಕದ ಪ್ರಕಾರ ಸರಿಯೇ. ಎಲ್ಲರೂ ಸರಿಯಾಗಿರುವಾಗ ಯಾರ ಮೇಲೆ ರೇಗುವುದು ಎಂದು ಗೊತ್ತಾಗದೆ, ಹೊರಗೆ ಬಂದು ಹೆಚ್ಚು ಕೇಳಿದ ಆಟೊದವನೊಡನೆ ಜಗಳವಾಡಿದಳು.

ಮೊದಲ ನಿಕಾಹ್ ಓದಿಸಿದ ಖಾಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ನಿಕಾಹ್ ದಾಖಲೆಯ ಪುಸ್ತಕ ಮೊಹಲ್ಲಾ ಕಮಿಟಿಯ ಕಾರ್ಯದರ್ಶಿಯ ಹತ್ತಿರವಿತ್ತು. ಜಾಫರ್ ಮಗಳ ಜೊತೆ ಅವರಲ್ಲಿಗೆ ಹೋದರು. ಒಂದು ನಿಕಾಹ್ ದಾಖಲಾಗಿರುವಾಗ ಅದೇ ಜೋಡಿಗೆ ಇನ್ನೊಂದನ್ನು ಹೇಗೆ ಬರೆಯುವುದು ಎಂದು ಕಾರ್ಯದರ್ಶಿ ಯೋಚಿಸಿದರು. ಯೋಚಿಸಿ ಹೇಳಿದರು, "ಮೊದಲು ತಲಾಕ್ ಆಗಲಿ. ಆಮೇಲೆ ಹೊಸದಾಗಿ ಓದಿಸೋಣ."

ಜಾಫರ್‌ಗೆ ಅಲ್ಲಿ ಕೂರಲಾಗಲಿಲ್ಲ, ಎದ್ದುಬಿಟ್ಟರು. ಮನೆಗೆ ಬಂದು ವಿಷಯ ಹೇಳಿದಾಗ ಕನೀಜ್ ಕೈಯಲ್ಲಿದ್ದ ಲೋಟವನ್ನು ಕುಕ್ಕಿದಳು. "ಗಂಡನ ಹತ್ತಿರ ಹೋಗೋದಕ್ಕೆ ಗಂಡನನ್ನು ಬಿಡಬೇಕಾ? ಆ ಮಾತು ಈ ಮನೆಯಲ್ಲಿ ಇನ್ನೊಂದು ಸಲ ಆಡಬೇಡಿ."

ಜಾಫರ್ ಮಂಚದ ಮೇಲೆ ಕೂತು ಹೇಳಿದರು, "ತಪ್ಪು ನನ್ನದು. ಆವತ್ತು ನಾನು ಹಟ ಮಾಡಬಾರದಿತ್ತು."

ಇಲ್ಲ ಅಬ್ಬಾ ಎನ್ನಬೇಕೆಂದು ಫಾಯಿಜಾಳಿಗೆ ಅನ್ನಿಸಿತು. ಆದರೆ ತಪ್ಪು ಅಬ್ಬಾನದೇ ಎಂದು ಅವಳೂ ಎಷ್ಟೋ ಸಲ ಅಂದುಕೊಂಡಿದ್ದಳು. ಎದ್ದು ಒಳಗೆ ಹೋದಳು. ಅದಾದ ಮೇಲೆ ಒಂದು ವಾರ ಅಪ್ಪ ಮಗಳು ಊಟಕ್ಕೆ ಕರೆಯುವುದಕ್ಕಷ್ಟೇ ಮಾತಾಡಿದರು.

ಕೊನೆಗೆ ಗಂಟು ಬಿಡಿಸಿದವರು ಯಲಹಂಕದ ಒಬ್ಬ ವಯಸ್ಸಾದ ಖಾಜಿ. ಕನ್ನಡಕ ಮಾಡಿಸಿಕೊಳ್ಳಲು ಅಂಗಡಿಗೆ ಬಂದಿದ್ದರು. ಪರೀಕ್ಷೆ ಮುಗಿದ ಮೇಲೆ ಫಾಯಿಜಾ ಹಿಂಜರಿಯುತ್ತಲೇ ಕೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು ನಕ್ಕರು. "ತಲಾಕ್ ಯಾಕಮ್ಮ? ಅದೇ ಗಂಡ ಹೆಂಡತಿ ನಿಕಾಹ್ ಹೊಸದು ಮಾಡಿಕೊಳ್ಳಬಹುದು. ಹಳೆಯದು ಮುರಿಯೋದಿಲ್ಲ, ಪಾಪವೂ ಇಲ್ಲ. ಅವನು ಬಂದಾಗ ಕರೆದುಕೊಂಡು ಬಾ."

ಜನವರಿಯ ಒಂದು ಶುಕ್ರವಾರ ಮಧ್ಯಾಹ್ನ ಖಾಜಿಯವರ ಮನೆಯಲ್ಲಿ, ಒಂದೇ ಚಾಪೆಯ ಮೇಲೆ ಕೂತು, ಫಾಯಿಜಾ ಸಾಕಿಬ್‌ನನ್ನು ಇನ್ನೊಮ್ಮೆ ಮದುವೆಯಾದಳು. ಒಂದು ವರ್ಷ ಎರಡು ತಿಂಗಳಿನ ರೂಬಿ ಇಬ್ಬರ ಮಧ್ಯೆ ನುಗ್ಗಿ ನುಗ್ಗಿ ಬರುತ್ತಿದ್ದಳು. ಪ್ರತಿ ನಿಮಿಷವೂ ಫೋಟೊ ತೆಗೆದರು. ಖಾಜಿ ಕಾಗದದಲ್ಲಿ ಹಿಂದಿನ ನಿಕಾಹ್‌ನ ತಾರೀಖನ್ನೂ ಬರೆದು, ಈಗ ಇಬ್ಬರೂ ಖುದ್ದು ಹಾಜರಿದ್ದಾರೆಂದು ಸ್ಪಷ್ಟವಾಗಿ ಸೇರಿಸಿದರು.

ಬಿರಿಯಾನಿ ತಿನ್ನುತ್ತಿರುವಾಗ ರಿಯಾಜ್ ಒಂದು ಮಾತು ತೆಗೆದ. "ಇವಳ ಅರ್ಜಿಗೆ ಇನ್ನೂ ಎಷ್ಟು ದಿನವೋ. ಮಗುವಿನ ಕಾಗದ ಆಗಿದೆಯಲ್ಲ, ಸಾಕಿಬ್ ಈಗಲೇ ಕರೆದುಕೊಂಡು ಹೋಗಲಿ. ನಮ್ಮ ಅಮ್ಮಿಯನ್ನೂ ಜೊತೆಗೆ ಕಳಿಸೋಣ. ಅಲ್ಲೇ ಬೆಳೆದರೆ ಒಳ್ಳೆಯದು."

ಸಾಕಿಬ್ ತಟ್ಟೆ ನೋಡುತ್ತ ಕೂತಿದ್ದ. ಬೇಡ ಎಂದು ಅವನು ತಕ್ಷಣ ಹೇಳಲಿಲ್ಲ. ಇಷ್ಟು ವರ್ಷದ ಕಾಯುವಿಕೆಯಲ್ಲಿ ಫಾಯಿಜಾಳಿಗೆ ಅತಿ ಹೆಚ್ಚು ನೋವು ಮಾಡಿದ್ದು ಆ ಕ್ಷಣ.

"ಮಗು ನನ್ನ ಜೊತೆ ಬರುತ್ತದೆ, ಇಲ್ಲಾಂದರೆ ಬರುವುದಿಲ್ಲ," ಎಂದಳು. "ಮೊದಲು ನನ್ನನ್ನು ಕಾಗದದಲ್ಲಿ ತೆಗೆದುಹಾಕಿದರು. ಮನೆಯಲ್ಲೂ ತೆಗೆಯಬೇಡಿ."

ಆಮೇಲೆ ಸಾಕಿಬ್ ಕ್ಷಮೆ ಕೇಳಿದ. ಒಬ್ಬನೇ ಇದ್ದು ಇದ್ದು ಬುದ್ಧಿ ಮಂಕಾಗಿದೆ ಎಂದ. ಅವಳು ಆಯಿತು ಎಂದಳು. ಆದರೆ ಅವನು ಹೊರಡುವವರೆಗೂ ಮಗುವನ್ನು ಅವನೊಬ್ಬನ ಕೈಗೆ ಕೊಟ್ಟು ಎಲ್ಲಿಗೂ ಹೋಗಲಿಲ್ಲ.

ಎರಡನೇ ಅರ್ಜಿಯನ್ನು ಅವಳೇ ತುಂಬಿದಳು, ಏಜೆಂಟನ ಸುದ್ದಿಗೇ ಹೋಗಲಿಲ್ಲ. ಹಳೆಯದರಲ್ಲಿ ಕಾದ ದಿನಗಳು ಲೆಕ್ಕಕ್ಕಿಲ್ಲ, ಸರದಿ ಮೊದಲಿನಿಂದ. ಹತ್ತು ತಿಂಗಳಾದ ಮೇಲೆ ಒಂದು ಪ್ರಶ್ನೆ ಬಂತು: ಹಿಂದಿನ ಅರ್ಜಿಯಲ್ಲಿ ಮದುವೆಯ ತಾರೀಖು ಬೇರೆ ಇದೆ, ಈ ವ್ಯತ್ಯಾಸವನ್ನು ವಿವರಿಸಿ.

ಒಂದು ಭಾನುವಾರ ಇಡೀ ಕೂತು ಉತ್ತರ ಬರೆದಳು. ಮೊದಲ ಕರಡು ಬರೀ ಸಿಟ್ಟು, ಹರಿದುಹಾಕಿದಳು. ಎರಡನೆಯದು ಅಂಗಲಾಚಿದಂತಿತ್ತು, ಅದನ್ನೂ ಹರಿದಳು. ಮೂರನೆಯದರಲ್ಲಿ ನಡೆದದ್ದನ್ನಷ್ಟೇ ಬರೆದಳು. ನನ್ನ ತಂದೆಗೆ ಕಾಯಿಲೆಯಾಗಿತ್ತು. ವಿಮಾನ ಇರಲಿಲ್ಲ. ನಾವು ಮದುವೆಯಾದೆವು. ನೀವು ಅದು ಸಾಲದು ಎಂದಿರಿ. ಮತ್ತೆ ಮದುವೆಯಾದೆವು. ಗಂಡ ಅವನೇ. ಕಳಿಸುವ ಮುಂಚೆ ಜಾಫರ್‌ಗೆ ಓದಿ ಹೇಳಿದಳು. ಮೊದಲ ಸಾಲಿಗೆ ಅವರು ತಲೆ ತಗ್ಗಿಸಿದರು. ಅವಳು ಪಕ್ಕದಲ್ಲಿ ಕೂತು, "ನೀವು ಬದುಕಿದಿರಲ್ಲ ಅಬ್ಬಾ, ಬಿಡಿ," ಎಂದಳು. ಹೇಳಬೇಕಾಗಿದ್ದ ಮಾತು ಅಂತೂ ಒಂದು ವರ್ಷ ತಡವಾಗಿ ಹೊರಬಂತು.

ಇಪ್ಪತ್ತೈದರ ಆಗಸ್ಟ್‌ನಲ್ಲಿ, ಪಾಸ್‌ಪೋರ್ಟ್ ವೀಸಾ ಅಂಟಿಸಲು ಕಳಿಸಿ ಎಂಬ ಸಂದೇಶ ಬಂದಾಗ ಫಾಯಿಜಾ ಅಂಗಡಿಯಲ್ಲಿದ್ದಳು. ವೆಂಕಟಸ್ವಾಮಿ ಎಂಬ ನಿವೃತ್ತ ಮೇಷ್ಟ್ರ ಕಣ್ಣಿನ ಪರೀಕ್ಷೆ ಅರ್ಧಕ್ಕೆ ಬಂದಿತ್ತು. ಪರೀಕ್ಷೆ ಮುಗಿಸಿ, ನಂಬರ್ ಬರೆದುಕೊಟ್ಟು, ಹಿಂದಿನ ಕೋಣೆಗೆ ಹೋದಳು. ಶಶಿರೇಖಾ ವಿಷಯ ಕೇಳಿ ತಬ್ಬಿಕೊಂಡು, "ಬಂತಲ್ಲೇ ಕೊನೆಗೂ! ಸ್ವೀಟ್ ತರಿಸ್ತೀನಿ ಇರು," ಎಂದಳು.

"ಬೇಡ ಮೇಡಂ. ಇವತ್ತು ಬೇಡ."

"ಯಾಕೆ, ಖುಷಿ ಆಗ್ಲಿಲ್ವಾ?"

"ಆಗತ್ತೆ. ಈಗ ಬರೀ ಸಿಟ್ಟು ಬರ್ತಿದೆ. ಅದು ಇಳೀಲಿ."

ಶಶಿರೇಖಾ ಬಾಗಿಲು ಮುಂದೆ ಮಾಡಿ ಹೊರಗೆ ಹೋದಳು. ಫಾಯಿಜಾ ಸಾಕಿಬ್‌ಗೆ ಫೋನ್ ಮಾಡಿದಳು. ಅಲ್ಲಿ ರಾತ್ರಿಪಾಳಿ ಮುಗಿಸಿ ಆಗತಾನೆ ಮಲಗಿದ್ದವನು ನಿದ್ದೆಗಣ್ಣಲ್ಲೇ ಎತ್ತಿದ. ವಿಷಯ ಹೇಳಿದಳು. ಅವನು ಅಳತೊಡಗಿದಾಗ, ಅವನು ಅತ್ತು ಮುಗಿಸುವವರೆಗೂ ಫೋನ್ ಕಿವಿಗಿಟ್ಟುಕೊಂಡೇ ನಿಂತಿದ್ದಳು.