ಟ್ರ್ಯಾಶ್ ಬಿಟ್ಟು ಉಳಿದದ್ದೆಲ್ಲ

ಬೆಳಗಾವಿಯ ಸಣ್ಣಪುಟ್ಟ ಅಂಗಡಿ, ವರ್ಕ್‌ಶಾಪುಗಳ ವೆಬ್‌ಸೈಟು ಮತ್ತು ಇಮೇಲುಗಳನ್ನು ಬಾಡಿಗೆ ಸರ್ವರಿನಲ್ಲಿ ಇಟ್ಟು ನೋಡಿಕೊಳ್ಳುವುದು ನನ್ನ ಕೆಲಸ. ಆ ಸರ್ವರನ್ನು ಆಳುವ ಪರದೆಗೆ ಕಂಟ್ರೋಲ್ ಪ್ಯಾನೆಲ್ ಅನ್ನುತ್ತಾರೆ. ಯಾರಿಗೆ ಎಷ್ಟು ಜಾಗ, ಯಾರ ಮೇಲ್ ಎಲ್ಲಿ, ಎಲ್ಲ ಅದರ ಮೂಲಕವೇ. ಹಣ ಕೊಟ್ಟು ಕೊಳ್ಳುವ ಒಂದು ಪ್ಯಾನೆಲ್‌ಗೆ ನಾನು ವರ್ಷಗಟ್ಟಲೆ ಗಂಟುಬಿದ್ದಿದ್ದೆ. ಅವರು ವರ್ಷ ವರ್ಷ ಬೆಲೆ ಏರಿಸುವುದು, ನಾನು ವರ್ಷ ವರ್ಷ ಬೈಯುತ್ತ ಕೊಡುವುದು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂದುಕೊಂಡು ಇನ್ನೊಂದು ವರ್ಷ ದೂಡುತ್ತಿದ್ದೆ. ಬಿಟ್ಟುಹೋಗೋಣವೆಂದರೆ ಗಿರಾಕಿಗಳೆಲ್ಲ ಅದರೊಳಗೇ ಸಿಕ್ಕಿಕೊಂಡಿದ್ದರು, ಅವರ ಜೊತೆ ನಾನೂ.

ಆ ವರ್ಷ ಮಾತ್ರ ಬೆಲೆ ನೋಡಿ ಪಿತ್ತ ನೆತ್ತಿಗೇರಿತು. ಸುಡುಗಾಡಿಗೆ ಹೋಗಲಿ, ಬಿಟ್ಟಿ ಸಿಗುವ ಪ್ಯಾನೆಲ್‌ಗೇ ಹೋಗುತ್ತೇನೆ ಎಂದು ಹಟ ಹಿಡಿದೆ. ಬಿಟ್ಟಿ ಎಂದರೆ ಕೇಳಲು ಚೆಂದ, ಆದರೆ ಕೆಟ್ಟರೆ ಬೈಯಲು ಯಾರೂ ಇಲ್ಲ. ಹಳೆಯ ಲೈಸೆನ್ಸು ತಿಂಗಳ ಕೊನೆಗೆ ಮುಗಿಯುತ್ತಿತ್ತು, ಬಿಟ್ಟಿ ಪ್ಯಾನೆಲ್‌ಗಾಗಿ ತೆಗೆದುಕೊಂಡ ಹೊಸ ಸರ್ವರಿನಲ್ಲಿ ಜಾಗ ಕಡಿಮೆ, ಮೇಲುಗಳ ನಕಲು ಆಮೆಯಂತೆ ತೆವಳುತ್ತಿತ್ತು. ಖಾನಾಪುರದ ನನ್ನ ಮನೆಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೋಗುವಾಗಲೂ ಕಣ್ಣು ನಕಲು ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿಯ ಮೇಲೆಯೇ. ಎರಡು ದಿನ ಉಳಿದಾಗ ಒಂದು ಚಿಕ್ಕ ಚೌಕ ಕಂಡಿತು: ಟ್ರ್ಯಾಶ್ ಮತ್ತು ಸ್ಪ್ಯಾಮ್ ಬಿಟ್ಟು ಉಳಿದದ್ದೆಲ್ಲ. ಟ್ರ್ಯಾಶ್ ಎಂದರೆ ಬೇಡದ ಮೇಲುಗಳನ್ನು ಎಸೆಯುವ ಕಸದ ಡಬ್ಬಿ. ಮನೆ ಬದಲಿಸುವಾಗ ಕಸವನ್ನು ಯಾರಾದರೂ ಹೊತ್ತೊಯ್ಯುತ್ತಾರೆಯೇ? ಟಿಕ್ ಒತ್ತಿದೆ. ಕಾಯ್ದಿಡುವ ಬ್ಯಾಕಪ್ ನಕಲನ್ನೂ ಕಸ ಬಿಟ್ಟೇ ಮಾಡಿಕೊಂಡೆ. ಹಳೆಯ ಸರ್ವರನ್ನು ಅಳಿಸಿಬಿಟ್ಟೆ.

ನಾಲ್ಕು ದಿನ ನೆಲದ ಮೇಲೆ ಕಾಲಿರಲಿಲ್ಲ. ಐದನೆಯ ದಿನ ಬೆಳಗಾವಿಯ ಕಾರ್ಖಾನೆಗಳ ಬಡಾವಣೆಯಾದ ಆಟೋ ನಗರದಿಂದ ಫೋನ್ ಬಂತು. ಅಲ್ಲಿ ಕಬ್ಬಿಣ ಕಡೆಯುವ ಲೇಥ್ ಇಟ್ಟುಕೊಂಡು ಹಂಚಿನ ಕಾರ್ಖಾನೆಗಳಿಗೆ ಅಚ್ಚು ಮಾಡಿಕೊಡುವ ಒಬ್ಬ ಹಿರಿಯರು. ನನ್ನ ಮೊದಲ ಗಿರಾಕಿ. ನಾನು ಅವರನ್ನು ಚಾಚಾ ಅನ್ನುತ್ತೇನೆ.

"ಬೇಟಾ, ಕಸದ ಡಬ್ಬಿ ಪೂರಾ ಖಾಲಿ ಐತಲ್ಲ?"

"ಖಾಲಿ ಇದ್ರ ಚಲೋನ ಆತಲ್ರಿ ಚಾಚಾ," ಎಂದೆ ನಗುತ್ತ.

"ಚಲೋ ಹೆಂಗ ಆತು? ನಮ್ಮ ಭಾಯಿ ತಗದ ನಕಾಶಿ ಎಲ್ಲಾ ಅದರಾಗ ಇದ್ದುವು."

ಅವರ ಅಣ್ಣ ತೀರಿಹೋಗಿ ಎರಡು ವರ್ಷವಾಗಿತ್ತು. ಅಚ್ಚುಗಳ ನಕಾಶೆ ತೆಗೆಯುತ್ತಿದ್ದವರು ಅವರೇ. ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದು, ಫೋಟೋ ತೆಗೆದು, ತಮ್ಮನಿಗೆ ಮೇಲ್ ಮಾಡುತ್ತಿದ್ದರು. ಹಾಳೆಗಳು ಬೋಲ್ಟುಗಳ ಪೊಟ್ಟಣ ಕಟ್ಟಲು ಹೋಗಿದ್ದವು, ಮೇಲುಗಳು ಮಾತ್ರ ಉಳಿದಿದ್ದವು.

ಆಟೋ ನಗರಕ್ಕೆ ಓಡಿದೆ. ಚಾಚಾ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಕುಂದ್ರು," ಎಂದು ಸ್ಟೂಲ್ ಸರಿಸಿ, ಲೇಥಿನ ಹಿಂದಿನ ಮೂಲೆ ತೋರಿಸಿದರು. ಕಬ್ಬಿಣದ ದೊಡ್ಡ ಡಬ್ಬಿ, ಅದರ ತುಂಬ ತುಂಡು ಸರಳು, ಮುರಿದ ಗೇರು, ಹಿತ್ತಾಳೆ ಚೂರು.

"ಹೊರಗಿನವರಿಗೆ ಇದು ಕಸದ ಡಬ್ಬಿ. ನಮಗ ತಿಜೋರಿ. ಬೇಕಾದಾಗ ಇದರಾಗ ಕೈ ಹಾಕಿದ್ರ ಸಿಗತೈತಿ. ಮೇಲ್‌ದಾಗೂ ಹಂಗ ಮಾಡಿದ್ದೆ. ಮ್ಯಾಲಿನ ಇನ್‌ಬಾಕ್ಸ್ ಡಬ್ಬಿಯೊಳಗ ದಿನಾ ಜಾಹೀರಾತು ಬಂದು ಬೀಳತಾವ, ಅದಕ್ಕ ಬೇಕಾದ್ದನ್ನೆಲ್ಲ ಕಸದ ಡಬ್ಬಿಗೆ ಹಾಕಿ ಇಟ್ಟಿದ್ದೆ."

ಎಷ್ಟೋ ವರ್ಷ ಅವರ ಮೇಲ್ ನೋಡಿಕೊಂಡವಳು, ಯಾವುದನ್ನು ಎಲ್ಲಿ ಇಡುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಸರ್ವರ್ ಬಾಡಿಗೆ ಕೊಟ್ಟವರಿಗೆ ಫೋನಿನಲ್ಲಿ ಗೋಗರೆದೆ. ಅಳಿಸಿದ್ದು ಅಳಿಸಿದ್ದೇ ಎಂದರು. ಹಳೆಯ ಪ್ಯಾನೆಲ್ಲಾಗಿದ್ದರೆ ಕಂಪನಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಈಗ ಎತ್ತ ತಿರುಗಿದರೂ ನಾನೇ.

ಅವರಿಗೆ ನಕಾಶೆ ಬೇಕಾಗಿದ್ದುದೂ ನನ್ನೂರಿನ ಕೆಲಸಕ್ಕೆ. ಖಾನಾಪುರದ ಒಂದು ಹಂಚಿನ ಕಾರ್ಖಾನೆಗೆ ಹತ್ತಿರದ ಹಲಸಿ ಊರಿನ ಕಡೆಯ ಹಳೆಯ ಮನೆಗಳಿಂದ ಹಳೆಯ ಅಳತೆಯ ಹಂಚಿಗೆ ಬೇಡಿಕೆ ಬಂದಿತ್ತು. ಅಣ್ಣ ತಮ್ಮ ಹಿಂದೆ ಮಾಡಿಕೊಟ್ಟ ಅಚ್ಚು ಕಾರ್ಖಾನೆ ಕೈ ಬದಲಾದಾಗ ಗುಜರಿಗೆ ಹೋಗಿತ್ತು. ಮಳೆಗಾಲದೊಳಗೆ ಹೊಸ ಅಚ್ಚು ಬರದಿದ್ದರೆ ಕೆಲಸ ಕೊಲ್ಹಾಪುರದವರ ಪಾಲಾಗುತ್ತಿತ್ತು.

ಆ ಕಾರ್ಖಾನೆಗೆ ಚಾಚಾನ ಜೊತೆ ನಾನೂ ಹೋದೆ. ಮಾಲೀಕರು ಹಳೆಯ ಹಂಚೊಂದನ್ನು ಮುಂದಿಟ್ಟರು. "ಇದನ್ನ ಅಳದ ಮಾಡಿದ್ರ ಆತಲ್ರಿ?" ಎಂದು ನಾನು ಆಸೆಯಿಂದ ಕೇಳಿದೆ.

"ಹಂಚಿನ ಅಳತಿ ಸಿಗತೈತಿ, ಅಚ್ಚಿನ ಅಳತಿ ಸಿಗಂಗಿಲ್ಲ," ಎಂದರು ಚಾಚಾ. "ಈ ಮಣ್ಣ ಒಣಗಿ ಸುಟ್ಟಮ್ಯಾಲ ಕುಗ್ಗತೈತಿ. ಎಷ್ಟು ಕುಗ್ಗತೈತಿ ಅನ್ನೂದು ಭಾಯಿಗೆ ಅಷ್ಟ ಗೊತ್ತಿತ್ತು. ಖರೇ ಹೇಳಬೇಕಂದ್ರ, ನಾ ಒಂದಿನಾನೂ ಕೇಳಲಿಲ್ಲ."

ಮೊದಲ ಅಚ್ಚಿನ ಹಂಚು ಬೆರಳಗಲ ಚಿಕ್ಕದಾಯಿತು. ಎರಡನೆಯದು ದೊಡ್ಡದಾಗಿ, ಹಳೆಯ ಹಂಚಿನ ಮೇಲೆ ಕೂರದೆ ಅಲುಗಾಡಿತು. ಪ್ರತಿ ಸಲ ಹಂಚು ಸುಡುವ ಗೂಡು ತೆರೆಯುವಾಗ ನಾನು ಅಲ್ಲಿದ್ದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ, ಆದರೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಮಾಲೀಕರು ಚಾಚಾನ ಮುಖ ನೋಡುವುದನ್ನು ಬಿಟ್ಟು ಆಕಾಶ ನೋಡತೊಡಗಿದ್ದರು. "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ನನ್ನ ಅವ್ವ ಅನ್ನುತ್ತಿದ್ದದ್ದು ನನಗೇ ಅಂತ ಆಗ ತಿಳಿಯಿತು.

ಮೂರನೆಯ ಸಲ, ಮೊದಲ ಮಳೆಗೆ ನಾಲ್ಕು ದಿನ ಮುಂಚೆ, ಹಂಚು ಹಂಚಿನ ಮೇಲೆ ಕೂತಿತು. ಮಾಲೀಕರು ಚಹಾ ಹೇಳಿದರು. ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ಅಷ್ಟು ಜನರ ಮುಂದೆ. ಚಾಚಾ ಮಾತ್ರ ಹಂಚನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಅಳತಿ ಸಿಕ್ಕತು ಬೇಟಾ. ಅಂವನ ಅಕ್ಷರ ಸಿಗಂಗಿಲ್ಲ."



ಮರುದಿನ ಆಟೋ ನಗರದಲ್ಲಿ ಅವರ ಪಕ್ಕ ಕೂತಿದ್ದೆ. ಹೊಸ ಅಚ್ಚಿನ ನಕಾಶೆಯನ್ನು ಅವರೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದು, ಫೋಟೋ ತೆಗೆದು, ತಮಗೆ ತಾವೇ ಮೇಲ್ ಮಾಡಿಕೊಂಡರು. ಮೇಲ್ ಬಂತು. ಅದನ್ನು ಎಳೆದು ನೇರ ಟ್ರ್ಯಾಶಿಗೆ ಹಾಕಿದರು.

"ಅಯ್ಯ ಚಾಚಾ, ಅಲ್ಲಿ ಬ್ಯಾಡ್ರಿ! ಬ್ಯಾರೆ ಫೋಲ್ಡರ್ ಮಾಡಿ ಕೊಡತೀನಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಈಗ ಅದಕ್ಕಿಂತ ಭದ್ರ ಜಾಗಾ ಎಲ್ಲೂ ಇಲ್ಲ ಬೇಟಾ. ನೀ ಬದುಕಿರೂತನಕ ಅದನ್ನ ಅಳಸಂಗಿಲ್ಲ."